ತುರಾಯಿ ಹುಲ್ಲಿಗೆ ಚರಗ

ಕಕ್ಕೇರಾದ ಮುದುಕಮ್ಮ ಹೆಸರಿಗಷ್ಟೇ ಮುದುಕಿ. ಆಕೆ ನಡೆದರೆ ಗಾಳಿ ಏದುಸಿರು ಬಿಡುತ್ತ ಹಿಂದೆ ಉಳಿಯುತ್ತಿತ್ತು. ಸುರಪುರದ ಬಂಗಲೆಯೊಂದಕ್ಕೆ ಕೂಲಿಗೆ ಹೋಗಿ ಅಲ್ಲಿನ ತೋಟ ಕಂಡದ್ದೇ ತಡ, ತನ್ನ ಅಂಗಳಕ್ಕೂ ಚಂದದ ಎತ್ತರದ ಹುಲ್ಲು ಬೇಕೆಂಬ ಹುಚ್ಚು ಹತ್ತಿತು. ಲಾವಂಚ ನೆಟ್ಟಳು, ಅದು ಸೊಂಟ ದಾಟಲಿಲ್ಲ. ಹೊಳೆದಂಡೆಯ ಆಪು ಹುಲ್ಲು ತಂದಳು, ಅದು ಕೆಸರಿಲ್ಲದೆ ಮುನಿಸಿಕೊಂಡಿತು. ಕಡೆಗೆ ಬಂಗಲೆಯದೇ ಬಿಳಿ ತುರಾಯಿಯ ಹುಲ್ಲಿನ ಬುಡ ಬೇಡಿ ತಂದಳು. ಅದು ಬೆಳೆದ ಪರಿಗೆ ಮೋಡಗಳು ಬಳಸಿಕೊಂಡು ಹೋಗುತ್ತಿದ್ದವು. ಆದರೆ ಗಾಳಿಯಿಲ್ಲದಾಗಲೂ ಸರಸರ ಎನ್ನುತ್ತಿತ್ತು, ಯಾರೋ ಕೆಟ್ಟ ಸುದ್ದಿ ಪಿಸುಗುಟ್ಟಿದಂತೆ.

“ಎಮ್ಮಿ ತಿನ್ನಂಗಿಲ್ಲ, ಮಂದಿ ತಿನ್ನಂಗಿಲ್ಲ. ತೆಲಿ ಕೆಟ್ಟೈತೇನ ಮುದುಕವ್ವಾ?” ಎಂದಳು ಬೇಲಿಯಾಚೆಯ ಚಮನಬೀ. ಈಕೆಯ ಗಂಟಲು ಗಂಡಸರದಕ್ಕಿಂತ ದಪ್ಪ. ಇಲ್ಲಿ ಕೋಳಿ ಕರೆದರೆ ಶಹಾಪುರದ ಕೋಳಿಗಳು ದಾರಿ ಹಿಡಿಯುತ್ತಿದ್ದವು.

“ಕಣ್ಣು ತಿಂತಾವ ಬಿಡವಾ.”

ಮರುವರ್ಷ ಆ ಹುಲ್ಲು ಮನುಷ್ಯನನ್ನೇ ನುಂಗಿ ಕೂತಿತು. ಹೈದರಾಬಾದ್ ಸಂಸ್ಥಾನ ಹಿಂದುಸ್ತಾನಕ್ಕೆ ಸೇರಬೇಕೋ ಬೇಡವೋ ಎಂದು ಊರೂರು ಹೊತ್ತಿ ಉರಿಯುತ್ತಿದ್ದ ಕಾಲ. ಮುದುಕಮ್ಮನ ತಮ್ಮ ಮಾನಪ್ಪ ಮೂರು ಬಣ್ಣದ ಬಾವುಟ ಏರಿಸಿ ಬಂದು ಆ ಹುಲ್ಲಿನ ನಡುವೆ ಅಡಗಿದ್ದ. ಸಿಕ್ಕರೆ ಗುಂಡೇ ಗತಿ. ಸಂಸ್ಥಾನದ ಬಂದೂಕಿನವರು ದಿನಾ ಓಣಿಯಲ್ಲಿ ಕುದುರೆ ತಿರುಗಿಸುತ್ತಿದ್ದರು.

ಎಳ್ಳಮಾಸಿ ಬಂತು. ಹೊಲಕ್ಕೆ ಹೋಗಿ, ಒಬ್ಬರು ಕೂಗಿ ಇನ್ನೊಬ್ಬರು ಮರುಕೂಗು ಹಾಕುತ್ತ ಬೆಳೆಯೊಳಗೆ ಎಡೆ ಚೆಲ್ಲುವ ಚರಗದ ಹಬ್ಬ. ಆ ವರ್ಷ ಅಂಜಿ ಯಾರೂ ಊರು ದಾಟಲಿಲ್ಲ. ಮುದುಕಮ್ಮ ಅಂಗಳದ ಹುಲ್ಲಿಗೇ ಚರಗ ಚೆಲ್ಲಲು ನಿಂತಳು. ಭೂತಾಯಿಗೂ ಆಯಿತು, ಹಸಿದ ತಮ್ಮನಿಗೂ ಆಯಿತು. ಒಂದು ಕಡುಬು ಎಸೆಯುವಷ್ಟರಲ್ಲಿ ಬೇಲಿಯ ಬಳಿ ಕುದುರೆ ಬಂದು ನಿಂತಿತು. ಮೇಲೆ ಬಂದೂಕಿನವರ ಜಮಾದಾರ.

ಬಾಯಿ ಬಿಡದೆ ಚೆಲ್ಲಿದರೆ ಅನುಮಾನ. “ಹುಲ್ಲುಲ್ಲಿಗೋ!” ಎಂದು ಕೂಗಿದಳು.

“ಚೆಲ್ಲಂಬರಿಗೋ!” ಎಂದಿತು ಹುಲ್ಲು.

ಚಿಕ್ಕಂದಿನಿಂದ ಅಕ್ಕನ ಹಿಂದೆ ಹೊಲ ಸುತ್ತಿ ಮರುಕೂಗು ಹಾಕಿದ ನಾಲಿಗೆ ಅದು. ಜೀವದ ಮಾತು ಕೇಳಲಿಲ್ಲ.

“ಯಾವನಂವ?” ಜಮಾದಾರ ಹೆಗಲ ಬಂದೂಕು ಇಳಿಸಿದ.

“ಯಾವನಲ್ಲ ಸಾಬ್, ಯಾವಾಕಿ ಅನ್ರಿ!” ಬೇಲಿ ನುಸುಳಿ ಹುಲ್ಲಿನ ಮಗ್ಗುಲಿಂದ ಚಮನಬೀ ಹೊರಬಂದಳು. “ನಾನ ಕೂಗೀನಿ. ಈ ಗಂಟಲಿಗೆ ನನ್ನ ಗಂಡನೂ ಅಂಜತಾನ್ರಿ.”

“ಇನ್ನೊಮ್ಮೆ ಕೂಗ್ರಿ.”

ಮುದುಕಮ್ಮ ಇನ್ನೊಂದು ಕಡುಬು ಎತ್ತಿಕೊಂಡಳು. ತಮ್ಮ ಈ ಸಲವೂ ಓಗೊಟ್ಟರೆ? ಕೂಗಿದಳು. ಹುಲ್ಲು ಸುಮ್ಮನಿತ್ತು. ಚಮನಬೀಯ ಮರುಕೂಗಿಗೆ ಕುದುರೆ ಹಿಂಗಾಲ ಮೇಲೆ ಎದ್ದಿತು. ಕೃಷ್ಣೆಯ ಮೀನುಗಳು ದಂಡೆಗೆ ಜಿಗಿದವೆಂದು ಆಣೆ ಮಾಡುವವರೂ ಇದ್ದಾರೆ.

ಜಮಾದಾರ ನಗಲಿಲ್ಲ. “ಚಂದ ಹುಲ್ಲು. ನಾಳಿ ಕೊಯ್ಸತೀನಿ,” ಎಂದು ಹೋದ.

ಸಂಜೆಗೆ ಮಾನಪ್ಪ ಗಡಿಯಾಚೆಗೆಂದು ತಾಳಿಕೋಟೆಯ ದಾರಿ ಹಿಡಿದ. ಅವನು ಮಲಗಿದ್ದ ಗುರುತು ಉಳಿಯದಂತೆ ಮುದುಕಮ್ಮ ತಾನೇ ಕುಡುಗೋಲು ಹಾಕಿದಳು.

ಮುಂದಿನ ಎಳ್ಳಮಾಸಿಗೆ ರಾಜ್ಯ ಬದಲಾಗಿತ್ತು, ಹುಲ್ಲು ಮತ್ತೆ ಸೂರು ದಾಟಿತ್ತು. ಗಡಿಯಾಚೆ ಹೋದವರೆಲ್ಲ ತಿರುಗಿ ಬಂದಿದ್ದರು, ಮಾನಪ್ಪನೊಬ್ಬನ ಸುದ್ದಿಯಿಲ್ಲ. ಮಂದಿ ಹೊಲಕ್ಕೆ ಹೊರಟರೂ ಮುದುಕಮ್ಮ ಅಂಗಳದಲ್ಲೇ ಕಡುಬು ಹಿಡಿದು ಕೂಗಿದಳು. ಚಮನಬೀ ಸೆರಗಿನಿಂದ ಬಾಯಿ ಒತ್ತಿ ಹಿಡಿದು ನಿಂತಳು, ಆ ಮರುಕೂಗು ತನ್ನದಲ್ಲವೆಂದು.

ಹುಲ್ಲು ಸರಸರ ಎಂದಿತು, ಅಷ್ಟೆ.