ಅತ್ತೆ ಹೊಗಳಿದ ದಿನ

ನಾವು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಸೊಸೆ ನಡೆದರೆ ಬೆನ್ನಮೇಲೆ ಕೀಲಿಗೊಂಚಲು ಸದ್ದು ಮಾಡುತ್ತಿತ್ತು. ಸೆರಗಿನ ತುದಿಗೆ ಕೀಲಿ ಕಟ್ಟಿ ಹೆಗಲ ಮೇಲಿಂದ ಹಿಂದಕ್ಕೆ ಎಸೆದುಕೊಳ್ಳುವುದು ಅವಳ ತವರಿನ ರೂಢಿ. ಯರಗಟ್ಟಿಯ ನಮ್ಮ ಓಣಿಯಲ್ಲಿ ಬೇರೆ ಯಾರೂ ಹಾಗೆ ಮಾಡುತ್ತಿರಲಿಲ್ಲ. ಇದ್ದದ್ದಾದರೂ ಏನು, ಎರಡು ಕೋಣೆ, ಒಂದು ಟ್ರಂಕು. ಖಜಾನೆ ಕಾಯುವ ಸೊಸೆ ಸಿಕ್ಕಿದ್ದಾಳೆ ಎಂದು ಅವಳ ಅತ್ತೆ ಕಟ್ಟೆಯ ಮೇಲೆ ಕೂತು ಚುಚ್ಚುತ್ತಿದ್ದಳು. ಕಾಕು ನಕ್ಕು ಒಳಗೆ ಹೋಗುತ್ತಿದ್ದಳು.

ಪಕ್ಕದ ಮನೆಯ ಮಗ ಪುಣೆಗೆ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋದವನು ಅವಳನ್ನು ಮದುವೆಯಾಗಿ ಕರೆತಂದಿದ್ದ. ಬಾಂಗ್ಲಾದೇಶದ ಹುಡುಗಿ, ಊರು ನದಿಯ ಪಾಲಾದ ಮೇಲೆ ಕೂಲಿ ಹುಡುಕಿಕೊಂಡು ಗಡಿ ದಾಟಿದ್ದಳು. ಗಂಡ ಕಾಮಾಲೆಯಿಂದ ತೀರಿಕೊಂಡ ಮೇಲೂ ಅತ್ತೆಯನ್ನು ಬಿಟ್ಟು ಹೋಗಲಿಲ್ಲ. ಅತ್ತೆಯ ಬಾಯಿಯಂತೂ ಸಿಹಿಯಾಗಲಿಲ್ಲ. ಒಂದು ದಿನ ರೊಟ್ಟಿ ದಪ್ಪ, ಇನ್ನೊಂದು ದಿನ ಪಲ್ಯ ಸಪ್ಪೆ. ನನ್ನ ಅವ್ವ ಹಾಸಿಗೆ ಹಿಡಿದಾಗ ದಿನಾ ಬಂದು ತಲೆ ಬಾಚಿ ಹೆರಳು ಹಾಕಿ ಹೋದವಳು ಈ ಕಾಕು. ಆ ಋಣ ನನ್ನ ಮೇಲೆ ಹಾಗೇ ಇದೆ.

ಒಂದು ಮಧ್ಯಾಹ್ನ ಸಾದಾ ಬಟ್ಟೆಯಲ್ಲಿ ಇಬ್ಬರು ಪೊಲೀಸರು ವಿಚಾರಣೆಗೆ ಬಂದರು. ಹೊರದೇಶದವರನ್ನು ಹುಡುಕಿ ವಾಪಸು ಕಳಿಸುವುದು ನಮಗೆ ಅಲ್ಲಿಯವರೆಗೆ ಬರೀ ಟಿ.ವಿ. ಸುದ್ದಿ. ಅತ್ತೆ ಅವರನ್ನು ವಿಧವಾ ವೇತನದ ಸಾಹೇಬರೆಂದೇ ತಿಳಿದಳು. ಸೊಸೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಿದರೆ ಕೆಲಸವಾದೀತೆಂದು, ಎಂದೂ ಹೊಗಳದವಳು ಹೊಗಳತೊಡಗಿದಳು.

"ಅಕಿ ದೇಶನ ಬ್ಯಾರೆರಿ ಸಾಹೇಬ್ರ. ಬಂದಾಗ ನೀರು ಅನ್ನಾಕೂ ಬರ್ತಿದ್ದಿಲ್ಲ, ಎಲ್ಲಾ ನಾನ ಕಲಿಸೇನಿ. ಈಗ ನೋಡ್ರಿ, ಹೊಟ್ಟ್ಯಾಗ ಹುಟ್ಟಿದ ಮಗಳೂ ಹಿಂಗ ನೋಡಕೊಳ್ಳಾಂಗಿಲ್ಲ."

ನಾನು ಅಲ್ಲೇ ಇದ್ದೆ. ಕಾಕು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಂದವರು ಯಾರೆಂದು ಅವಳಿಗೆ ಅರ್ಥವಾಗಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಹೊರಗಿನವರ ಮುಂದೆ ಹಿರಿಯರ ಮಾತಿಗೆ ಸೊಸೆ ಅಡ್ಡ ಬಾಯಿ ಹಾಕಬಾರದೆಂದು ಕಲಿಸಿದವಳೂ ಆ ಅತ್ತೆಯೇ. ಅತ್ತೆಯ ಮಾತು ಮುಗಿಯುವವರೆಗೆ ಅಲ್ಲೇ ನಿಂತಿದ್ದು ಕಾಕು ಮುಂದೆ ಬಂದಳು. ಎಲ್ಲರಿಗೂ ಚಹಾ ಕೊಟ್ಟಳು.

ಕೆಲವೇ ದಿನಗಳಲ್ಲಿ ಅವಳನ್ನು ಕರೆದೊಯ್ದರು. ಅತ್ತೆ ಠಾಣೆಗೆ ಓಡಿ, ತಾನು ಹೇಳಿದ್ದೆಲ್ಲ ಸುಳ್ಳು, ಅವಳು ಪಕ್ಕದ ಹೂಲಿಯಲ್ಲಿರುವ ತನ್ನ ತಮ್ಮನ ಮಗಳು ಎಂದು ಗೋಗರೆದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಓಣಿ ಮುದುಕಿಗೆ ಹಿಡಿಶಾಪ ಹಾಕಿತು. ನಾನೂ ಬೈದೆ.

ಗಡಿಗೆ ಕಳಿಸುವ ಮುನ್ನ ಒಮ್ಮೆ ನೋಡಲು ಬಿಟ್ಟರು. ಅಲ್ಲಿ ನಿನ್ನವರು ಯಾರಿದ್ದಾರೆ ಎಂದು ಕೇಳಿದೆ. ಊರೇ ಇಲ್ಲ, ಎಲ್ಲಿ ಇಳಿಸುತ್ತಾರೋ ಏನೋ ಎಂದಳು. ಅವತ್ತು ಅತ್ತೆಯನ್ನು ತಡೆದು ಒಂದು ಮಾತು ಹೇಳಿಬಿಟ್ಟಿದ್ದರೆ ಉಳಿಯುತ್ತಿದ್ದೆಯಲ್ಲ ಎಂದು ನಾನು ಅತ್ತಾಗ ನನ್ನ ಕೈ ಹಿಡಿದುಕೊಂಡಳು.

"ಅತ್ತ್ಯಾರಿಗೆ ಯಾರೂ ಬೈಯಬ್ಯಾಡ್ರಿ ತಂಗಿ. ಇಷ್ಟ ವರ್ಷದಾಗ ಅವರು ನನಗ ಮಗಳಿಗಿಂತ ಹೆಚ್ಚು ಅಂದಿದ್ದು ಅವತ್ತ ಒಂದ ದಿನ. ನಡುವ ಹೆಂಗ ಬಾಯಿ ಹಾಕ್ಲಿ? ಕೇಳ್ಕೋತ ನಿಂತಬಿಟ್ಟೆ."

ಅತ್ತೆ ಹೋದ ವರ್ಷ ತೀರಿಕೊಂಡಳು. ಆ ಸುದ್ದಿಯನ್ನು ಕಾಕುವಿಗೆ ಹೇಗೆ ಮುಟ್ಟಿಸುವುದೆಂದು ನಮಗೆ ಯಾರಿಗೂ ತಿಳಿಯಲಿಲ್ಲ.