ಪುಸ್ತಕ ಅಳೆಯುತ್ತಿದ್ದ ಅಕ್ಕೋರು

ಅವರ ಕೊರಳಲ್ಲಿ ಯಾವಾಗಲೂ ದರ್ಜಿಯ ಟೇಪು ಜೋತುಬಿದ್ದಿರುತ್ತಿತ್ತು. ಪೇಟೆಯಿಂದ ಬಂದ ಹೆಣ್ಣುಮಗಳೊಬ್ಬಳು ಅದನ್ನು ನೋಡಿ, ಕುಪ್ಪಸದ ಬಟ್ಟೆ ಮುಂದಿಟ್ಟು, ಯಾವಾಗ ಕೊಡ್ತೀರಿ ಎಂದು ಕೇಳಿದ್ದೂ ಉಂಟು. ಹಾವೇರಿಯ ನಮ್ಮ ಗ್ರಂಥಾಲಯದ ಅಕ್ಕೋರು ನಕ್ಕರೇ ಹೊರತು ಟೇಪು ತೆಗೆಯಲಿಲ್ಲ. ಅದು ಪುಸ್ತಕದ ಎತ್ತರ ಅಳೆಯಲಿಕ್ಕೆ.

ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಗ್ರಂಥಾಲಯಗಳ ಪುಸ್ತಕಗಳನ್ನೆಲ್ಲ ಕಂಪ್ಯೂಟರಿನ ಒಂದೇ ಸೂಚಿಗೆ ಸೇರಿಸುವ ಕೆಲಸ ನಡೆದಿತ್ತು. ನಾನು ಅವರ ಕೈಕೆಳಗೆ ಆಗಷ್ಟೇ ಸೇರಿದ್ದೆ. ಹೆಸರು, ಲೇಖಕರು ಬರೆದರೆ ಸಾಕು, ಬೇಗ ಮುಗಿಸಿ ಎಂದು ಮೇಲಿನವರ ಅವಸರ. ಅಕ್ಕೋರು ಮಾತ್ರ ಪುಟ, ಎತ್ತರ, ಎಷ್ಟನೇ ಮುದ್ರಣ ಎಲ್ಲ ತುಂಬದೆ ಮುಂದಿನ ಪುಸ್ತಕ ಮುಟ್ಟಗೊಡುತ್ತಿರಲಿಲ್ಲ. ನನಗೆ ತಲೆ ಚಿಟ್ಟುಹಿಡಿಯುತ್ತಿತ್ತು.

"ಪುಸ್ತಕಕ್ಕೇನು ಅಂಗಿ ಹೊಲಸೋದೈತೇನ್ರಿ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಮೊದಲ ಅಳಿ, ಆಮ್ಯಾಲ ಚಾಷ್ಟಿ ಮಾಡಂತಿ," ಎಂದರು.

ಒಂದು ದಿನ ಅಗಡಿಯ ಸೈಕಲ್ ರಿಪೇರಿಯವರೊಬ್ಬರು ಬಂದರು. ಅವರ ತಂದೆ ಮೊಹರಮ್ಮಿನ ರಿವಾಯತ್ ಪದ ಕಟ್ಟಿ ಹಾಡುತ್ತಿದ್ದವರು. ಮನೆಯಲ್ಲಿ ಒಂದು ಪದವೂ ಉಳಿದಿರಲಿಲ್ಲ. ಒಂದು ಸಂಗ್ರಹದಲ್ಲಿ ಅಚ್ಚಾಗಿವೆ ಎಂದು ತಂದೆ ಹೇಳುತ್ತಿದ್ದರಂತೆ. ಅವರು ಹಿಂದೊಮ್ಮೆ ಕೇಳಿದ್ದಕ್ಕೆ ಆ ಪುಸ್ತಕವನ್ನು ನಾವು ಬ್ಯಾಡಗಿಯಿಂದ ತರಿಸಿಕೊಟ್ಟಿದ್ದೆವು.

"ಇದರಾಗ ನಮ್ಮಪ್ಪಂದು ಒಂದೂ ಪದ ಇಲ್ರೀ ಅಕ್ಕೋರ. ಅಂವ ಸುಳ್ಳ ಹೇಳಾಂವ ಅಲ್ಲ," ಎನ್ನುವಾಗ ಅವರ ದನಿ ಸಣ್ಣದಾಗಿತ್ತು.

ಅಕ್ಕೋರು ಮೊದಲ ಹಾಳೆ ತಿರುವಿದರು. "ಇದು ಎರಡನೇ ಮುದ್ರಣ ಐತ್ರಿ. ಮೊದಲನೇದರಾಗ ಇದ್ದಿದ್ದನ್ನ ಇದರಾಗ ಬಿಟ್ಟಿರಬೇಕು."

ರಾಣೆಬೆನ್ನೂರಿನಲ್ಲೂ ಒಂದು ಪ್ರತಿ ಇತ್ತು. ಆದರೆ ಅದರ ಮುದ್ರಣ, ಪುಟ ಯಾವುದನ್ನೂ ಯಾರೋ ಬರೆಯದೆ ಬಿಟ್ಟಿದ್ದರಿಂದ, ಸೂಚಿಯಲ್ಲಿ ಎರಡೂ ಒಂದೇ ಪುಸ್ತಕವೆಂದು ಕೂಡಿಹೋಗಿದ್ದವು. ಬ್ಯಾಡಗಿಯಲ್ಲಿ ಒಳ್ಳೆಯ ಪ್ರತಿ ಇದೆಯಲ್ಲ, ಹರಿದದ್ದು ಯಾಕೆ ಎಂದು ಅದನ್ನು ರದ್ದಿಗೆ ಹಾಕಿದ್ದಾರೆಂದು ಫೋನಿನಲ್ಲಿ ತಿಳಿಯಿತು. ಅಕ್ಕೋರು ಬ್ಯಾಡಗಿಯ ಪುಸ್ತಕವನ್ನು ಕೈಚೀಲಕ್ಕೆ ಹಾಕಿ, ಊಟದ ಡಬ್ಬಿಯನ್ನೂ ಬಿಚ್ಚದೆ, ನಮ್ಮಿಬ್ಬರನ್ನೂ ರಾಣೆಬೆನ್ನೂರಿನ ಬಸ್ಸು ಹತ್ತಿಸಿದರು.

ಪುಣ್ಯಕ್ಕೆ ರದ್ದಿಯ ಚೀಲಗಳು ಇನ್ನೂ ಬಾಗಿಲಲ್ಲೇ ಇದ್ದವು. ನಾನು ಒಂದೊಂದಾಗಿ ಸುರುವಿದೆ. ರಟ್ಟು ಕಿತ್ತ ಪುಸ್ತಕವೊಂದು ಬಿತ್ತು. ಅಕ್ಕೋರು ಎರಡನ್ನೂ ಜೋಡಿಸಿ ಟೇಪು ಹಿಡಿದರು. ಹರಿದದ್ದರ ಎತ್ತರ ಒಂದು ಬೆರಳಿನಷ್ಟು ಹೆಚ್ಚು, ದಪ್ಪವೂ ಹೆಚ್ಚು. ಕೊನೆಯ ಪುಟಗಳಲ್ಲಿ ತಂದೆಯ ಹೆಸರು ಕಂಡದ್ದೇ ಆ ಮನುಷ್ಯ ಅದರ ಮೇಲೆ ಅಂಗೈ ಇಟ್ಟುಕೊಂಡು ನೆಲದ ಮೇಲೇ ಕುಳಿತುಬಿಟ್ಟರು. ಹಾವೇರಿಗೆ ಬಂದವನೇ ನಾನು ಎರಡು ಪುಸ್ತಕಗಳ ದಾಖಲೆಗಳನ್ನೂ ಬೇರೆ ಮಾಡಿ, ಪುಟ, ಎತ್ತರ, ಮುದ್ರಣ ಎಲ್ಲ ತುಂಬಿದೆ. ಅಂದು ಅಕ್ಕೋರು ಹೇಳಬೇಕಾಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಮನೆಯ ಅಂಗಳದಲ್ಲಿ ಭಜನೆಯವರು ಸ್ವಲ್ಪ ನಿಲ್ಲಿಸಿದಾಗ ಅಗಡಿಯ ಆ ಸೈಕಲ್ ರಿಪೇರಿಯವರು ಎದ್ದು ಒಂದು ರಿವಾಯತ್ ಪದ ಹಾಡಿದರು. ಅಲ್ಲಿಯತನಕ ಗಟ್ಟಿಯಾಗಿದ್ದ ನಾನು ಅತ್ತುಬಿಟ್ಟೆ.

"ಯಾರ ಪದಾರೀ ಇದು?" ಎಂದು ಹಿರಿಯರೊಬ್ಬರು ಕೇಳಿದರು.

"ನಮ್ಮಪ್ಪಂದ್ರಿ," ಎಂದರು ಅವರು. "ಅಕ್ಕೋರಿಂದ ಬಂತು ನನಗ."