ಎದುರುಮನೆ ಆಂಟಿಯ ಮೊಣಕಾಲು ನೋವು

ಮೊನ್ನೆ ಸಂಜೆ ಮೆಟ್ರೋದಲ್ಲಿ ಪಕ್ಕದ ಸೀಟಿನವರು ಬ್ಯಾಗಿನಿಂದ ಪುಟ್ಟ ಸೀಸೆಯೊಂದನ್ನು ತೆಗೆದು ಮುಚ್ಚಳ ತಿರುಗಿಸಿದರು. ನೀಲಗಿರಿ ಎಣ್ಣೆ. ಎರಡು ಹನಿ ಕರ್ಚೀಫಿಗೆ ಹಾಕಿಕೊಂಡು ಮೂಗಿಗೆ ಹಿಡಿದರು. ಎದುರಿಗೆ ನಿಂತಿದ್ದ ಹುಡುಗಿಯೊಬ್ಬಳು ಮುಖ ಸಿಂಡರಿಸಿ ಆ ಕಡೆ ತಿರುಗಿದಳು. ಅವಳಿಗೆ ಅದು ನೆಗಡಿಯ ವಾಸನೆ. ನನಗೆ ಮಾತ್ರ ಅದು ಹಸುಗೂಸಿನ ವಾಸನೆ. ನನ್ನ ಮಗಳು ಹುಟ್ಟಿದ ಹೊಸತರಲ್ಲಿ ಅವಳನ್ನು ಎದೆಗೆ ಅವಚಿಕೊಂಡರೆ ಬರುತ್ತಿದ್ದುದು ಪೌಡರಿನ ಪರಿಮಳವಲ್ಲ, ಈ ನೀಲಗಿರಿ ಎಣ್ಣೆಯ ಘಾಟು. ಅದಕ್ಕೆ ಕಾರಣ ನಮ್ಮ ಎದುರುಮನೆ ಆಂಟಿ.

ಆಗ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದೆವು. ರಸ್ತೆ ಎಷ್ಟು ಕಿರಿದೆಂದರೆ ಆಂಟಿಯ ಮನೆಯ ಕುಕ್ಕರ್ ಕೂಗಿದರೆ ನಾನು ಎದ್ದು ಹೋಗಿ ನಮ್ಮ ಒಲೆ ಆರಿಸುತ್ತಿದ್ದೆ. ಆಂಟಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ದೂರದೂರಿನವರಿಗೆ ಕೇಳಿಸುವ ಹಾಗೆ ಮಾತಾಡಿ ಮಾತಾಡಿ, ಪಕ್ಕದಲ್ಲಿ ಕೂತವರ ಜೊತೆಯೂ ಅದೇ ದನಿ. ಕ್ರೋಶಾ ಹಾಕುವುದನ್ನು ಕಲಿತದ್ದೂ ಅಲ್ಲೇ, ಜೊತೆಯ ಹೆಂಗಸರಿಂದ, ಶಿಫ್ಟಿನ ಬಿಡುವಿನಲ್ಲಿ. ಅವರ ಮನೆಯಲ್ಲಿ ಕ್ರೋಶಾ ಕವರ್ ತೊಡದ ವಸ್ತುವೇ ಇರಲಿಲ್ಲ. ಟೀವಿಗೆ, ಫ್ರಿಜ್ಜಿನ ಹಿಡಿಗೆ, ನೀರಿನ ಫಿಲ್ಟರಿಗೆ, ಕೊನೆಗೆ ಗ್ಯಾಸ್ ಸಿಲಿಂಡರಿಗೂ ಒಂದೊಂದು ಬಣ್ಣದ ಅಂಗಿ. ಒಂದೇ ಕಡೆ ಜಾಸ್ತಿ ಹೊತ್ತು ಕೂತರೆ ಅಂಕಲ್ಲಿಗೂ ಒಂದು ಹಾಕಿಬಿಡುತ್ತಾರೆ ಎಂದು ನನ್ನವರು ತಮಾಷೆ ಮಾಡುತ್ತಿದ್ದರು.

ಮಗಳು ಹುಟ್ಟುವುದಕ್ಕೆ ಹಿಂದಿನ ವರ್ಷ ನನಗೆ ಐದನೇ ತಿಂಗಳಲ್ಲಿ ಮಗು ಹೋಗಿತ್ತು. ಮತ್ತೆ ಬಸುರಿಯಾದಾಗ ಡಾಕ್ಟರು ಆಫೀಸು ಬೇಡ, ಬಸ್ಸು ಬೇಡ, ಮೆಟ್ಟಿಲು ಬೇಡ ಎಂದರು. ತವರಿನಲ್ಲಿ ನನಗೆ ಅಮ್ಮ ಇರಲಿಲ್ಲ. ಬ್ಯಾಡರಹಳ್ಳಿಯಿಂದ ಅತ್ತೆಯೇ ಬಂದು ನಮ್ಮ ಮನೆಯಲ್ಲಿ ಉಳಿದರು. ಹೊತ್ತು ಹೊತ್ತಿಗೆ ಬಿಸಿ ಅನ್ನ, ಸೊಪ್ಪಿನ ಸಾರು, ಹಾಲು. ಒಂದು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಬಲು ಕಟ್ಟುನಿಟ್ಟು. "ಕೂಸು ಕೈಗ್ ಬರೋಗಂಟ ಅದರ ಹೆಸ್ರಲ್ಲಿ ಒಂದು ನೂಲೂ ಮನೆಗ್ ಬರಕೂಡ್ದು ಕಣವ್ವ," ಎಂದು ಬಂದ ದಿನವೇ ಹೇಳಿದ್ದರು. ಹುಟ್ಟಿದ ಮಗುವಿಗೆ ಮೊದಲು ಹೊದಿಸುವುದು ಹಳೆಯ ಬಟ್ಟೆ, ಹಿರಿಯರು ಉಟ್ಟು ತೊಟ್ಟು ಮೆತ್ತಗಾದದ್ದು. ಹೊಸದೆಲ್ಲ ಆಮೇಲೆ. ಹಿಂದಿನ ಸಲ ನನ್ನವರು ಖುಷಿ ತಡೆಯಲಾರದೆ ಪೇಟೆಯಿಂದ ಒಂದು ಪುಟ್ಟ ಟೋಪಿ ತಂದಿದ್ದರು. ಆಮೇಲೆ ಆ ಟೋಪಿ ಎಲ್ಲಿಗೆ ಹೋಯಿತೋ... ನಾನು ಕೇಳಲಿಲ್ಲ. ಅತ್ತೆಯ ಮಾತಿಗೆ ನಾನು ಎದುರಾಡಲೂ ಇಲ್ಲ. ನಿಜ ಹೇಳಬೇಕೆಂದರೆ ಅವರಿಗಿಂತ ಹೆಚ್ಚು ಹೆದರಿದ್ದವಳು ನಾನು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಆಂಟಿ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಮಂಚದ ಮೇಲೆ ಬೋರಲು ಹಾಕಿದರು. ಉಲ್ಲನ್ ಉಂಡೆಗಳು! ಎಷ್ಟೋ ವರ್ಷಗಳ ಸ್ವೆಟರು, ಟೋಪಿಗಳಲ್ಲಿ ಮಿಕ್ಕಿದ್ದು. ಅರಿಶಿನ, ಕನಕಾಂಬರ, ರಾಮಾ ಹಸಿರು, ನೇರಳೆ, ಮಾವಿನ ಚಿಗುರು.

"ದಿನಾ ಗೋಡೆ ನೋಡ್ಕೊಂಡ್ ಮಲಗಿರ್ತೀಯಲ್ಲೇ, ಗೋಡೆಗೂ ಬೇಜಾರಾಗತ್ತೆ. ಕೈಗೊಂದು ಕೆಲಸ ಕೊಡು."

ಆಂಟಿಯ ದನಿ ಕಿವಿಗೆ ಬಿದ್ದದ್ದೇ ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಕಣ್ಣು ಉಂಡೆಗಳ ಮೇಲೆಯೇ. ಆಂಟಿ ಅತ್ತೆಯ ಕಡೆ ನೋಡದೆ ನನಗೇ ಹೇಳಿದರು.

"ನಂಗೊಂದು ಹೊದಿಕೆ ಹಾಕ್ಕೊಡೇ. ಮೊಣಕಾಲು ನೋವು ಅಂದ್ರೆ ನೋವು. ಚಳೀಲಿ ಹಿಡ್ಕೊಂಡ್ಬಿಡತ್ತೆ."

ಅವತ್ತು ಬೆಳಿಗ್ಗೆಯಷ್ಟೇ ಅವರು ಬಕೆಟ್ ತುಂಬ ಒಗೆದ ಬಟ್ಟೆ ಹಿಡಿದು ದಡದಡ ಟೆರೇಸು ಹತ್ತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ಆದರೂ ಒಂದು ಉಂಡೆ ಕೈಗೆತ್ತಿಕೊಂಡೆ. ಅತ್ತೆ ಒಂದು ಗಳಿಗೆ ನಿಂತು, "ಎಳ್ಳೆಣ್ಣೆ ಬಿಸಿ ಮಾಡಿ ಹಚ್ಕಳಿ," ಎಂದು ಹೇಳಿ ಒಳಗೆ ಹೋದರು.

ಹಾಗೆ ಶುರುವಾಯಿತು ನನ್ನ ಪಾಠ. ತುದಿಯಲ್ಲಿ ಕೊಕ್ಕೆಯಿರುವ ಒಂದೇ ಒಂದು ಕಡ್ಡಿ. ಮೊದಲು ಜಡೆಯ ಹಾಗೆ ಉದ್ದನೆಯ ಸರಪಳಿ, ಅದರ ಮೇಲೆ ಸಾಲು. ನೇರ ಸಾಲುಗಳನ್ನು ಹಾಕಿ ಮುಗಿಸೋಣವೆಂದರೆ ಆಂಟಿ ಕೇಳಲಿಲ್ಲ. ಜಿಗ್‌ಜಾಗೇ ಆಗಬೇಕು, ನೇರ ಹಾಕಿದರೆ ನಿದ್ದೆ ಬರುತ್ತದೆ ಎಂದರು. ಜಿಗ್‌ಜಾಗೆಂದರೆ ಅವರ ಭಾಷೆಯಲ್ಲಿ ಗುಡ್ಡ ಮತ್ತು ಹಳ್ಳ. ಗುಡ್ಡದ ನೆತ್ತಿಯಲ್ಲಿ ಒಂದೇ ತೂತಿಗೆ ಮೂರು ಸಲ ಹಾಕಬೇಕು. ಹಳ್ಳದ ತಳದಲ್ಲಿ ಎರಡು ತೂತು ಬಿಟ್ಟು ಮುಂದಕ್ಕೆ ದಾಟಬೇಕು. ಹತ್ತಿದಷ್ಟೂ ಇಳಿದರೆ ಮಾತ್ರ ಹೊದಿಕೆ ಸಮವಾಗಿ ಕೂರುತ್ತದೆ. ಪಾಠ ಮುಗಿಸಿ ಮನೆಗೆ ಹೋದ ಮೇಲೂ ಅವರಿಗೆ ಸಮಾಧಾನವಿಲ್ಲ. ತಮ್ಮ ವರಾಂಡದಿಂದಲೇ, "ಹಳ್ಳದಲ್ಲಿ ಬಿಟ್ಯೇನೇ?" ಎಂದು ಕೂಗುತ್ತಿದ್ದರು. ಸೊಪ್ಪಿನ ಗಾಡಿಯವನು ತನ್ನನ್ನೇ ಕೇಳಿದರೇನೋ ಎಂದು ಗಾಬರಿಯಿಂದ ಸುತ್ತ ನೋಡುತ್ತಿದ್ದ.

ನಾನು ಬಿಡುತ್ತಿರಲಿಲ್ಲ. ಗುಡ್ಡದಲ್ಲಿ ಸೇರಿಸುವುದು ಬೇಗ ಬಂತು. ಹಳ್ಳದಲ್ಲಿ ಬಿಡುವುದು ಬರಲೇ ಇಲ್ಲ. ಕಣ್ಣೆದುರಿಗಿರುವ ತೂತನ್ನು ಖಾಲಿ ಬಿಟ್ಟು ಮುಂದೆ ಹೋಗಲು ಕೈ ಒಪ್ಪುತ್ತಿರಲಿಲ್ಲ. ಹೀಗೆ ಸಾಲಿಂದ ಸಾಲಿಗೆ ಹೆಚ್ಚುತ್ತಾ ಹೋಗಿ, ಹೊದಿಕೆ ಅಂಚೆಲ್ಲ ನಿರಿಗೆ ಬಿದ್ದು ಎದ್ದು ನಿಂತಿತು. ಆಂಟಿ ಅದನ್ನು ಮೇಲೆತ್ತಿ ಹಿಡಿದು, "ಇದ್ಯಾರಿಗೇ ಲಂಗ?" ಎಂದು ನಗುತ್ತಾ ಕಡ್ಡಿ ತೆಗೆದು ನೂಲು ಎಳೆದರು. ಸರಸರನೆ ಬಿಚ್ಚಿಕೊಂಡು ಬಂತು. ಅಷ್ಟು ದಿನ ಒಂದೊಂದೇ ತೂತು ಎಣಿಸಿ ಹಾಕಿದ್ದು, ಎಷ್ಟು ಸಲೀಸಾಗಿ ಹೋಗುತ್ತಿತ್ತು... ನನಗೆ ಅಳು ಬಂದುಬಿಟ್ಟಿತು. ಸಣ್ಣಗೆ ಅಲ್ಲ, ಬಿಕ್ಕಿ ಬಿಕ್ಕಿ. ಉಲ್ಲನ್ನಿಗಾಗಿ ಯಾರೂ ಹಾಗೆ ಅಳುವುದಿಲ್ಲ.

ಆಂಟಿ ಎಳೆಯುವುದನ್ನು ನಿಲ್ಲಿಸಿದರು. ನನ್ನ ಅಳು ತಹಬದಿಗೆ ಬರುವ ತನಕ ಕಾದರು. ಆಮೇಲೆ ನೂಲಿನ ತುದಿಯನ್ನು ನನ್ನ ಕೈಗೆ ಕೊಟ್ಟು, ಅವರಿಗೆ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದರು.

"ನೀನೇ ಬಿಚ್ಚು. ಎಷ್ಟು ಹೊತ್ತಾದ್ರೂ ಆಗ್ಲಿ, ನಾನಿಲ್ಲೇ ಕೂತಿರ್ತೀನಿ."

ಬಿಚ್ಚಿದೆ. ಗುಂಗುರು ಗುಂಗುರಾಗಿದ್ದ ನೂಲನ್ನು ಅವರು ಕುರ್ಚಿಯ ಬೆನ್ನಿಗೆ ಸುತ್ತಿ, ನೀರು ಚಿಮುಕಿಸಿ, ಒಣಗಲು ಬಿಟ್ಟರು. ಮಾರನೆಯ ದಿನ ಅದು ಮತ್ತೆ ನೆಟ್ಟಗಾಗಿತ್ತು. ಅವರಿಗೂ ಯಾವಾಗಲಾದರೂ ನನಗಾದಂಥದ್ದೇ ಆಗಿತ್ತೋ ಏನೋ... ಹೊಸದಾಗಿ ಶುರು ಮಾಡಿದಾಗ ಮೊದಲ ಹಳ್ಳದಲ್ಲಿ ಎರಡು ತೂತು ಬಿಟ್ಟು ದಾಟಿದೆ.

ಐದನೇ ತಿಂಗಳು ಬಂದಾಗ ಕಡ್ಡಿ ಮುಟ್ಟಲಾಗಲಿಲ್ಲ. ಕವರನ್ನು ಮಂಚದ ಕೆಳಗೆ ತಳ್ಳಿದೆ. ಆಂಟಿ ದಿನವೂ ಬಂದರು, ಆದರೆ ಉಲ್ಲನ್ನಿನ ಸುದ್ದಿ ಎತ್ತಲಿಲ್ಲ. ಅತ್ತೆಯ ಜೊತೆ ಅವರೆಕಾಯಿ ಬಿಡಿಸಿದರು, ಅಂಕಲ್ಲರ ಗೊರಕೆಯ ಅನುಕರಣೆ ಮಾಡಿದರು, ಚಳಿಗಾಲದಲ್ಲಿ ಎಳ್ಳೆಣ್ಣೆ ಹಚ್ಚಿಯೂ ವಾಸಿಯಾಗದ ತಮ್ಮ ಮೊಣಕಾಲನ್ನು ಬೈದುಕೊಂಡರು. ತಿಂಗಳು ದಾಟಿತು. ಮಗು ಹೊಟ್ಟೆಯೊಳಗೆ ಒದೆಯುತ್ತಲೇ ಇತ್ತು. ಒಂದು ದಿನ ಊಟವಾದ ಮೇಲೆ ನಾನೇ ಮಂಚದ ಕೆಳಗಿನಿಂದ ಕವರನ್ನು ಎಳೆದುಕೊಂಡೆ.

ಅವತ್ತೇ ಒಂದು ಸಣ್ಣ ಘಟನೆ ನಡೆಯಿತು. ಹಳದಿಯ ಪಕ್ಕ ಎದ್ದು ಕಾಣಲಿ ಎಂದು ನಾನು ಕವರಿನ ತಳದಲ್ಲಿದ್ದ ಕಪ್ಪು ಉಂಡೆ ಎತ್ತಿಕೊಂಡರೆ, ಆಂಟಿ ಅದನ್ನು ನನ್ನ ಕೈಯಿಂದ ತೆಗೆದು ತಮ್ಮ ಸೆರಗಿನಲ್ಲಿ ಮುಚ್ಚಿಟ್ಟುಕೊಂಡರು.

"ಕಪ್ಪು ಬೇಡ."

"ನಿಮಗೆ ತಾನೇ ಆಂಟಿ? ಕೊಳೆ ಕಾಣಲ್ಲ."

"ನಂಗೇ. ಆದ್ರೂ ಬೇಡ."

ಹೊದಿಕೆ ಮಂಚದ ಅರ್ಧದಷ್ಟೂ ಆಗದಿರುವಾಗಲೇ ಸಾಕು ನಿಲ್ಲಿಸು ಎಂದರು. ಇಷ್ಟು ಚಿಕ್ಕದು ನಿಮಗೆ ಎಲ್ಲಿಗೆ ಸಾಲುತ್ತದೆ ಎಂದು ಕೇಳಿದೆ. "ನನ್ನ ಮೊಣಕಾಲು ಇಷ್ಟೇ ಅಗಲ ಕಣೇ, ಅಳೆದು ನೋಡ್ತೀಯಾ?" ಎಂದು ಗದರಿದರು. ನಮ್ಮಿಬ್ಬರಿಗೂ ಗೊತ್ತಿತ್ತು, ಅದು ಯಾರಿಗೆಂದು. ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ. ನಾನು ಹೇಳದೆಯೇ ಇರಲಿ ಎಂದು ಅವರು ಅಷ್ಟೆಲ್ಲ ಸುಳ್ಳನ್ನು ತಮ್ಮ ಕಾಲ ಮೇಲೆ ಎಳೆದುಕೊಂಡಿದ್ದರು.

ಯುಗಾದಿಯ ಹೊತ್ತಿಗೆ ಹೊದಿಕೆ ಮುಗಿಯಿತು. ಅಂಚು ಅಲ್ಲಲ್ಲಿ ಸೊಟ್ಟ, ಒಂದು ಕಡೆ ಗುಡ್ಡ ಸ್ವಲ್ಪ ಬೋಳು. ಆದರೂ ಬಿಡಿಸಿ ಹಾಸಿದಾಗ ಕೋಣೆಗೆಲ್ಲ ಬಣ್ಣ ಬಂತು. ಆಂಟಿ ಅದನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದರು. ಅವತ್ತಿನಿಂದ ಬೀದಿಗೆ ಒಂದು ನೋಟ.

ಏಪ್ರಿಲ್ಲಿನ ಬಿಸಿಲು. ಟಾರು ರಸ್ತೆಯಿಂದ ಝಳ ಏಳುತ್ತಿದೆ. ಎದುರಿನ ವರಾಂಡದಲ್ಲಿ ಆಂಟಿ, ತೊಡೆಯ ಮೇಲೆ ಐದು ಬಣ್ಣದ ಉಲ್ಲನ್ ಹೊದಿಕೆ ಹರಡಿಕೊಂಡು, ಬೀಸಣಿಗೆಯಿಂದ ಗಾಳಿ ಹಾಕಿಕೊಳ್ಳುತ್ತಾ ಕೂತಿದ್ದಾರೆ. ಹಣೆಯಿಂದ ಬೆವರು ಇಳಿಯುತ್ತಿದೆ. ಹೊಸ ಹೊದಿಕೆ ಹಳೆಯದಾಗಬೇಕಲ್ಲ, ಹಿರಿಯರು ಬಳಸಿದ್ದು ಅನ್ನಿಸಿಕೊಳ್ಳಬೇಕಲ್ಲ! ಹಾಲಿನವನಿಂದ ಹಿಡಿದು ಗ್ಯಾಸಿನವನ ತನಕ ಎಲ್ಲರೂ, "ಏನ್ ಆಂಟಿ, ಜ್ವರನಾ?" ಎಂದು ಕೇಳುವವರೇ. ಎಲ್ಲರಿಗೂ ಒಂದೇ ಉತ್ತರ, ಮೊಣಕಾಲು.

ಒಂದು ಸಂಜೆ ಅತ್ತೆ ನಮ್ಮ ಗೇಟಿಗೆ ಒರಗಿಕೊಂಡು ಕೇಳಿಯೇಬಿಟ್ಟರು. "ಅಲ್ಲ ಕಣ್ರೀ, ಅಷ್ಟು ನೋವು ಅಂತೀರಾ, ಎಣ್ಣೆ ವಾಸ್ನೆನೇ ಬರಲ್ವಲ್ಲ?"

ಆಂಟಿ ಬೀಸಣಿಗೆಯನ್ನು ಇನ್ನೂ ಜೋರಾಗಿ ಬೀಸಿಕೊಂಡರು. ಮರುದಿನದಿಂದ ಅವರು ನೀಲಗಿರಿ ಎಣ್ಣೆ ಸುರಿದುಕೊಳ್ಳಲು ಶುರು ಮಾಡಿದರು. ಮೊಣಕಾಲಿಗೆ ಸ್ವಲ್ಪ, ಹೊದಿಕೆಗೆ ಜಾಸ್ತಿ. ಗಾಳಿ ನಮ್ಮ ಕಡೆ ಬೀಸಿದರೆ ನಮ್ಮ ಮನೆಯವರಿಗೆಲ್ಲ ಮೂಗು ಬಿಟ್ಟುಕೊಳ್ಳುತ್ತಿತ್ತು.

ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ಅತ್ತೆ ತಮ್ಮ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಅವಳನ್ನು ಸುತ್ತಿ ನನ್ನ ಪಕ್ಕ ಮಲಗಿಸಿದರು. ನರ್ಸಿಂಗ್ ಹೋಮಿನ ಕೋಣೆ ಏಸಿಯಿಂದ ತಣ್ಣಗಿತ್ತು. ಸಂಜೆ ಆಂಟಿ ವೈರ್ ಬ್ಯಾಗ್ ಹಿಡಿದು ಬಂದರು. ಒಳಗೇನಿದೆ ಎಂದು ಅವರು ಬಾಗಿಲು ದಾಟುವ ಮೊದಲೇ ವಾಸನೆ ಹೇಳಿತು. ಮಗುವನ್ನು ನೋಡಿದರು, ಕಣ್ಣು ತುಂಬಿಕೊಂಡರು, ಆದರೆ ಬ್ಯಾಗಿಗೆ ಮಾತ್ರ ಕೈ ಹಾಕಲಿಲ್ಲ. ಅತ್ತೆಯ ಕಡೆ ನೋಡುವುದು, ಬ್ಯಾಗಿನ ಹಿಡಿ ತಿರುಚುವುದು.

ಅತ್ತೆಯೇ ಎರಡೂ ಕೈ ಚಾಚಿದರು.

"ಕೊಡಿ ಅದ್ನ. ಬೇಸ್ಗೆ ಪೂರ್ತಿ ಬೆಂದಿದೀರ ಪಾಪ. ಹಳೇದಾಯ್ತು ಬಿಡಿ."

ಆಂಟಿ ಹೊದಿಕೆಯನ್ನು ತೆಗೆದು ಅವರ ಕೈಗಿಟ್ಟರು. ಆಮೇಲೆ ಇಬ್ಬರೂ ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಎಷ್ಟು ನಕ್ಕರೆಂದರೆ ನರ್ಸು ಬಂದು ಗದರಬೇಕಾಯಿತು. ಅತ್ತೆಗೆ ಮೊದಲ ದಿನದಿಂದಲೇ ಗೊತ್ತಿತ್ತಂತೆ! ಸೌಟು ಹಿಡಿದು ಬಾಗಿಲಲ್ಲಿ ನಿಂತ ಗಳಿಗೆಯಿಂದ. ಅವರಿಗೂ ಒಳಗೊಳಗೇ ಆಸೆಯಿತ್ತಂತೆ, ಆ ಹೊದಿಕೆ ಮುಗಿಯಲಿ ಎಂದು. ನರ್ಸು ಮಾತ್ರ ಮಗುವನ್ನು ಮೂಸಿ, "ಯಾಕ್ ಮೇಡಂ, ಪಾಪುಗೆ ಆಗ್ಲೇ ನೆಗಡಿನಾ?" ಎಂದು ಕೇಳಿದಳು.

ಎಷ್ಟು ಒಗೆದರೂ ಆ ವಾಸನೆ ತಿಂಗಳುಗಟ್ಟಲೆ ಹೋಗಲಿಲ್ಲ. ಮಗಳು ಆ ಹೊದಿಕೆಯ ಮೇಲೆ ಬೋರಲು ಬಿದ್ದಳು, ಅಂಬೆಗಾಲಿಟ್ಟಳು, ನಡೆಯಲು ಕಲಿತ ಮೇಲೆ ಅದನ್ನು ನೆಲದಲ್ಲಿ ಎಳೆದುಕೊಂಡೇ ಆಂಟಿಯ ಮನೆಗೆ ಹೋಗುತ್ತಿದ್ದಳು. ಆಂಟಿಯ ಮೊಣಕಾಲು ನೋವು ಅವತ್ತೇ ನಿಂತುಹೋಗಿತ್ತು. ಆಮೇಲೆ ಅದರ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಅವಳು ಶಾಲೆಗೆ ಸೇರುವ ಹೊತ್ತಿಗೆ ನಾವು ರಾಜರಾಜೇಶ್ವರಿನಗರಕ್ಕೆ ಬಂದೆವು. ಹೋಗಿ ಬರುವುದು ಹಬ್ಬ ಹರಿದಿನಕ್ಕೆ, ಆಮೇಲೆ ಫೋನಿಗೆ ಇಳಿಯಿತು. ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಅವರ ಮಾತು ಕೇಳುತ್ತಿದ್ದೆ. ಹೋದ ವರ್ಷ ಶ್ರಾವಣದಲ್ಲಿ ಆ ದನಿ ನಿಂತಿತು. ಅಂಕಲ್ ಫೋನು ಮಾಡಿದಾಗ ಅವರ ಮಾತು ಎಷ್ಟು ಮೆಲ್ಲಗಿತ್ತೆಂದರೆ ಎರಡು ಸಲ ಕೇಳಬೇಕಾಯಿತು. ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ವರಾಂಡದಲ್ಲಿ ಅವರ ಕುರ್ಚಿ, ಅದರ ಬೆನ್ನಿಗೆ ಯಾರ ಕೈಯಲ್ಲೋ ಬಿಚ್ಚಿಸಿದ ಗುಲಾಬಿ ಬಣ್ಣದ ನೂಲು ಸುತ್ತಿ ಒಣಗಲು ಬಿಟ್ಟಿದ್ದು, ಹಾಗೆಯೇ ಇತ್ತು... ನಿಜಕ್ಕೂ ಒಂದು ದಿನವಾದರೂ ನಿಮಗೆ ಮೊಣಕಾಲು ನೋವಿತ್ತಾ ಆಂಟಿ ಎಂದು ಕೇಳಬೇಕೆಂದುಕೊಂಡಿದ್ದೆ. ಇನ್ನು ಯಾರನ್ನು ಕೇಳಲಿ? ಅವರಿಲ್ಲದ್ದು ನನಗೆ ಈಗಲೂ ನೋವೇ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳಿದ್ದಾಳೆ. ಬಸುರಿ. ಮೊದಲೊಂದು ಸಲ ಉಳಿಯಲಿಲ್ಲವೆಂದು ಲಿಫ್ಟಿನಲ್ಲಿ ನೆಲ ನೋಡುತ್ತಾ ಹೇಳಿದಳು. ಮಗುವಿಗೆಂದು ಏನೂ ತಂದಿಲ್ಲವಂತೆ, ಹೆದರಿಕೆಯಂತೆ. ಅವಳಿಗೆ ಕ್ರೋಶಾ ಬರುವುದಿಲ್ಲ, ಕಲಿಯುವ ತಾಳ್ಮೆಯೂ ಇಲ್ಲ. ಆದ್ದರಿಂದ ನಾನೇ ಹಾಕುತ್ತಿದ್ದೇನೆ. ಮೊನ್ನೆ ಮೆಟ್ರೋದಲ್ಲಿ ಆ ಸೀಸೆಯ ಮುಚ್ಚಳ ತೆರೆದಾಗ ನನ್ನ ತೊಡೆಯ ಮೇಲೆ ಅರ್ಧ ಮುಗಿದ ಜಿಗ್‌ಜಾಗ್ ಹೊದಿಕೆ ಇತ್ತು. ಯಾರಿಗೆ ಆಂಟಿ ಇದು ಎಂದು ಪಕ್ಕದ ಮನೆಯ ಹುಡುಗಿ ಹೋದ ವಾರ ಕೇಳಿದ್ದಳು. ನನಗೇ ಎಂದಿದ್ದೆ.

ಸ್ಟೇಷನ್ನಿನಿಂದ ಇಳಿದು ಮೆಡಿಕಲ್ ಶಾಪಿಗೆ ಹೋಗಿ ಒಂದು ಸೀಸೆ ನೀಲಗಿರಿ ಎಣ್ಣೆ ಕೇಳಿದೆ.

"ನೆಗಡಿನಾ ಮೇಡಂ?" ಎಂದ ಅಂಗಡಿಯವನು.

"ಇಲ್ಲಪ್ಪ, ಮೊಣಕಾಲು ನೋವು," ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಈಗಿನಿಂದಲೇ ಹೇಳಿ ಅಭ್ಯಾಸ ಮಾಡಿಕೊಳ್ಳಬೇಕಲ್ಲ.